ಜನರಲ್ ತಿಮ್ಮಯ್ಯ: ದೇಶಕ್ಕಾಗಿ ಬಾಳಿದ ಒಬ್ಬ ಸೇನಾನಿಯ ಸ್ಮರಣೆ

ಕೊಡಗಿನ ಮಣ್ಣಿನಲ್ಲಿ ಹುಟ್ಟಿ, ಭಾರತೀಯ ಭೂಸೇನೆಯ ಅತ್ಯುನ್ನತ ಹುದ್ದೆಗೇರಿ, ಕೊನೆಗೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕರಾಗಿ ಪರದೇಶದಲ್ಲಿ ಕರ್ತವ್ಯದಲ್ಲಿರುವಾಗಲೇ ಪ್ರಾಣಬಿಟ್ಟ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ನಮ್ಮನ್ನಗಲಿ 2025ರ ಡಿಸೆಂಬರ್ 18ಕ್ಕೆ 60 ವರ್ಷಗಳು ತುಂಬಿದವು. ಅವರ ಹೆಸರನ್ನು ಕೇಳದವರು ಕರ್ನಾಟಕದಲ್ಲಿ ಕಡಿಮೆ. ಆದರೆ ಅವರು ಏನು ಮಾಡಿದರು, ಯಾವ ಸಂದರ್ಭದಲ್ಲಿ ಹೇಗೆ ನಡೆದುಕೊಂಡರು ಎಂಬುದನ್ನು ಬಲ್ಲವರು ಇನ್ನೂ ಕಡಿಮೆ. ರಸ್ತೆಯ ಫಲಕದಲ್ಲಿ, ವೃತ್ತದ ಪ್ರತಿಮೆಯಲ್ಲಿ ಉಳಿದುಹೋಗಿರುವ ಈ ಮಹನೀಯರ ಬಾಳನ್ನು ನಮ್ಮ ಓದುಗರ ಮುಂದೆ, ವಿಶೇಷವಾಗಿ ನಮ್ಮ ಧರ್ಮಕೇಂದ್ರಗಳ ಯುವಜನರ ಮುಂದೆ ಇಡಬೇಕೆಂದು ನಾವು ಬಯಸಿದ್ದೇವೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಕೆಲಸಕ್ಕಾಗಿ ಕರಾವಳಿಯನ್ನು ಬಿಟ್ಟು ಬೆಂಗಳೂರಿನ ಸುತ್ತಮುತ್ತ ನೆಲೆಸಿದ ನಮ್ಮ ಕುಟುಂಬಗಳು ಅನೇಕ. ಕನಕಪುರ ರಸ್ತೆಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆಗಳಲ್ಲಿ ದುಡಿಯುವವರು ದಿನವೂ ಒಬ್ಬಿಬ್ಬರು ಮಾಜಿ ಸೈನಿಕರನ್ನು ನೋಡುತ್ತಾರೆ. ಕಾರ್ಖಾನೆಯ ಗೇಟಿನಲ್ಲಿ ಸಮವಸ್ತ್ರ ತೊಟ್ಟು ನಿಂತಿರುವ ಆ ಹಿರಿಯರನ್ನು ನಾವು ನೋಡಿಯೂ ನೋಡದಂತೆ ಒಳಗೆ ಹೋಗುತ್ತೇವೆ. ಸೈನಿಕನ ಬಾಳು ಎಂದರೇನು ಎಂಬುದನ್ನು ತಿಮ್ಮಯ್ಯನವರ ಮೂಲಕ ಅರಿತರೆ, ಆ ಗೇಟಿನಲ್ಲಿ ನಿಂತವರನ್ನು ನೋಡುವ ನಮ್ಮ ಕಣ್ಣು ಬದಲಾದೀತು ಎಂಬುದು ನಮ್ಮ ಆಶಯ.

ಬಾಲ್ಯ ಮತ್ತು ವಿದ್ಯಾಭ್ಯಾಸ

ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್ ತಿಂಗಳ ಕೊನೆಯಲ್ಲಿ, ಮಡಿಕೇರಿಯಲ್ಲಿ. ಕಾಫಿ ಬೆಳೆಗಾರರ ಕುಟುಂಬ. ಆರು ಮಂದಿ ಮಕ್ಕಳು. ಮನೆಯವರು ಅವರನ್ನು ಪ್ರೀತಿಯಿಂದ ಡುಬ್ಬು ಎಂದು ಕರೆಯುತ್ತಿದ್ದರು. ಮುಂದೆ ಸೇನೆಯಲ್ಲಿ ಅವರು ಎಲ್ಲರಿಗೂ ಟಿಮ್ಮಿ ಆದರು. ತಾಯಿ ಓದು ಬರಹ ಬಲ್ಲ, ಸಮಾಜಸೇವೆಯಲ್ಲಿ ತೊಡಗಿದ್ದ ಮಹಿಳೆ. ಅವರ ಸೇವೆಯನ್ನು ಮೆಚ್ಚಿ ಅಂದಿನ ಸರ್ಕಾರವು ಕೈಸರ್-ಇ-ಹಿಂದ್ ಪದಕವನ್ನು ನೀಡಿತ್ತು. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಮನೆಯ ಹೊಸ್ತಿಲು ದಾಟಿ ಊರಿನ ಕೆಲಸಕ್ಕೆ ನಿಲ್ಲುವುದು ಸಣ್ಣ ಸಂಗತಿಯಲ್ಲ. ಮಕ್ಕಳಲ್ಲಿ ಸೇವಾಭಾವ ಮೂಡುವುದು ಮೊದಲು ಮನೆಯಲ್ಲಿ ಎಂಬುದಕ್ಕೆ ಈ ಕುಟುಂಬವೇ ಸಾಕ್ಷಿ.

ಎಂಟನೆಯ ವಯಸ್ಸಿನಲ್ಲಿ ಬಾಲಕ ತಿಮ್ಮಯ್ಯನನ್ನು ನೀಲಗಿರಿಯ ಕೂನೂರಿನ ಸಂತ ಜೋಸೆಫರ ಶಾಲೆಗೆ ಸೇರಿಸಲಾಯಿತು. ಐರ್ಲೆಂಡಿನ ಕಥೋಲಿಕ ಬ್ರದರ್‌ಗಳು ನಡೆಸುತ್ತಿದ್ದ ಶಾಲೆ ಅದು. ಅಲ್ಲಿಂದ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಬಳಿಕ ಡೆಹ್ರಾಡೂನಿನ ಮಿಲಿಟರಿ ಕಾಲೇಜು. ಸೇನಾಧಿಕಾರಿಗಳಾಗಬಯಸುವ ಭಾರತೀಯ ಹುಡುಗರಿಗೆಂದೇ ಆ ಕಾಲೇಜನ್ನು 1922ರಲ್ಲಿ ತೆರೆಯಲಾಗಿತ್ತು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಶಾಲೆಗೆ ಆಯ್ಕೆಯಾದ ಬೆರಳೆಣಿಕೆಯ ಭಾರತೀಯರಲ್ಲಿ ತಿಮ್ಮಯ್ಯ ಒಬ್ಬರಾದರು. 1926ರ ಫೆಬ್ರವರಿಯಲ್ಲಿ ಅವರಿಗೆ ಅಧಿಕಾರಿಯ ಪದವಿ ದೊರೆಯಿತು. ಮೊದಲು ಬೆಂಗಳೂರಿನಲ್ಲಿದ್ದ ಒಂದು ಬ್ರಿಟಿಷ್ ಪಡೆಯಲ್ಲಿ ಕೆಲಕಾಲ ತರಬೇತಿ ಪಡೆದು, 1927ರಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಸೇರಿದರು. ಇಂದು ಕುಮಾವೂ ರೆಜಿಮೆಂಟ್ ಎಂದು ಹೆಸರಾದ ಪಡೆ ಇದೇ.

ಬ್ರಿಟಿಷರ ಸೇನೆಯಲ್ಲಿ ಒಬ್ಬ ಭಾರತೀಯ

ಅಂದಿನ ಪರಿಸ್ಥಿತಿಯನ್ನು ಇಂದಿನ ಯುವಜನರು ಊಹಿಸಿಕೊಳ್ಳುವುದು ಕಷ್ಟ. ಭಾರತೀಯ ಅಧಿಕಾರಿ ಬ್ರಿಟಿಷ್ ಅಧಿಕಾರಿಯಷ್ಟೇ ತರಬೇತಿ ಪಡೆದಿದ್ದರೂ ಅವರಿಗೆ ಕೆಲವು ಕ್ಲಬ್ಬುಗಳ ಬಾಗಿಲು ಮುಚ್ಚಿತ್ತು. ಆಯ್ದ ಕೆಲವೇ ಬೆಟಾಲಿಯನ್‌ಗಳಿಗೆ ಮಾತ್ರ ಅವರನ್ನು ಸೇರಿಸಿಕೊಳ್ಳಲಾಗುತ್ತಿತ್ತು. ಬಿಳಿಯ ಅಧಿಕಾರಿಗಳು ಭಾರತೀಯರ ಕೈಕೆಳಗೆ ದುಡಿಯುವ ಪ್ರಸಂಗ ಬರಬಾರದು ಎಂಬುದೇ ಅದರ ಹಿಂದಿನ ಲೆಕ್ಕಾಚಾರ. ಹೊರಗೆ ಸ್ವಾತಂತ್ರ್ಯ ಚಳವಳಿ ಬೆಳೆಯುತ್ತಿತ್ತು. ಒಳಗೆ ಇಂಥ ತಾರತಮ್ಯ. ಆ ದೊರೆಗಳ ಸಮವಸ್ತ್ರ ತೊಟ್ಟಿರುವುದು ಸರಿಯೇ ಎಂಬ ಪ್ರಶ್ನೆ ಯುವ ತಿಮ್ಮಯ್ಯನವರನ್ನು ಕಾಡಿತು.

ಅಲಹಾಬಾದಿನಲ್ಲಿದ್ದಾಗ ಅವರು ಮೋತಿಲಾಲ್ ನೆಹರೂ ಅವರ ಬಳಿ ಈ ಸಂಕಟವನ್ನು ಹೇಳಿಕೊಂಡರೆಂದು ಅವರ ಜೀವನಚರಿತ್ರೆಯಲ್ಲಿ ಬಂದಿದೆ. ರಾಜೀನಾಮೆ ಕೊಡಬೇಡಿ, ಮುಂದೆ ಸ್ವತಂತ್ರ ಭಾರತಕ್ಕೆ ನುರಿತ ಸೇನಾಧಿಕಾರಿಗಳು ಬೇಕಾಗುತ್ತಾರೆ ಎಂಬ ಅಭಿಪ್ರಾಯ ಆ ಹಿರಿಯರಿಂದ ಬಂದಿತು. ತಿಮ್ಮಯ್ಯ ಸೇನೆಯಲ್ಲಿಯೇ ಉಳಿದರು. ಉಳಿದದ್ದು ಸುಖಕ್ಕಾಗಿ ಅಲ್ಲ, ಕಲಿಯುವುದಕ್ಕಾಗಿ. ಇಪ್ಪತ್ತು ವರ್ಷ ಕಲಿತದ್ದು 1947ರಲ್ಲಿ ದೇಶಕ್ಕೆ ಬಂತು.

ಮದುವೆ, ಭೂಕಂಪ ಮತ್ತು ಸಂಸಾರ

1935ರ ಜನವರಿಯಲ್ಲಿ ತಿಮ್ಮಯ್ಯನವರು ನೀನಾ ಅವರನ್ನು ವಿವಾಹವಾದರು. ಹೊಸ ದಂಪತಿಗಳು ಆಗ ಪಡೆಯಿದ್ದ ಬಲೂಚಿಸ್ತಾನದ ಕ್ವೆಟ್ಟಾ ನಗರಕ್ಕೆ ಹೋದರು. ಮದುವೆಯಾಗಿ ಐದು ತಿಂಗಳೂ ತುಂಬಿರಲಿಲ್ಲ. 1935ರ ಮೇ 31ರ ನಸುಕಿನಲ್ಲಿ, ಊರೆಲ್ಲ ನಿದ್ದೆಯಲ್ಲಿದ್ದಾಗ, ಭೀಕರ ಭೂಕಂಪವು ಕ್ವೆಟ್ಟಾವನ್ನು ನೆಲಸಮ ಮಾಡಿತು. ಸತ್ತವರ ಸಂಖ್ಯೆ ಮೂವತ್ತು ಸಾವಿರಕ್ಕೂ ಹೆಚ್ಚು. ಗಂಡ ಹೆಂಡತಿ ಇಬ್ಬರೂ ಪರಿಹಾರ ಕಾರ್ಯಕ್ಕೆ ಧುಮುಕಿದರು. ಅವಶೇಷಗಳ ನಡುವೆ ಬದುಕುಳಿದವರನ್ನು ಹುಡುಕುವುದು, ಗಾಯಾಳುಗಳನ್ನು ನೋಡಿಕೊಳ್ಳುವುದು, ದಿಕ್ಕಿಲ್ಲದವರಿಗೆ ಅನ್ನ ಬಟ್ಟೆ ಒದಗಿಸುವುದು, ಹೀಗೆ ಆ ದಿನಗಳಲ್ಲಿ ಮಾಡಬೇಕಾದ ಕೆಲಸಕ್ಕೆ ಮಿತಿಯೇ ಇರಲಿಲ್ಲ. ನೀನಾ ಅವರ ಸೇವೆಯನ್ನು ಗುರುತಿಸಿ ಅವರಿಗೂ ಕೈಸರ್-ಇ-ಹಿಂದ್ ಪದಕ ದೊರೆಯಿತು. ಅತ್ತೆಗೆ ದೊರೆತ ಪದಕವೇ ಸೊಸೆಗೂ ದೊರೆತದ್ದು ಆ ಮನೆತನದ ಹಿರಿಮೆ.

ಮರುವರ್ಷ ದಂಪತಿಗೆ ಹೆಣ್ಣುಮಗು ಜನಿಸಿತು. ಅವಳೇ ಅವರ ಒಬ್ಬಳೇ ಮಗಳು. ಅದೇ ವರ್ಷ ಮದರಾಸಿನಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಸೈನಿಕ ತರಬೇತಿ ನೀಡುವ ಹೊಣೆ ಅವರಿಗೆ ಬಂತು. ಪುಟ್ಟ ಸಂಸಾರ ಅಲ್ಲಿ ಸ್ವಲ್ಪಕಾಲ ನೆಮ್ಮದಿಯಾಗಿತ್ತು. ಆದರೆ ಸೈನಿಕನ ಮನೆಗೆ ನೆಮ್ಮದಿ ಎಂಬುದು ಬಾಡಿಗೆಯ ಮನೆ ಇದ್ದಂತೆ, ಯಾವಾಗ ಬಿಟ್ಟು ಹೊರಡಬೇಕೋ ತಿಳಿಯದು. ಎರಡನೇ ಮಹಾಯುದ್ಧ ಆರಂಭವಾಯಿತು. ಅಲ್ಲಿಂದ ಮುಂದೆ ಬರ್ಮಾ, ಜಪಾನ್, ಪಂಜಾಬ್, ಕಾಶ್ಮೀರ, ಕೊರಿಯಾ ಎಂದು ಅವರ ಬದುಕು ಊರಿಂದೂರಿಗೆ ಸಾಗಿತು. ಮಡದಿ ಮನೆ ನೋಡಿಕೊಂಡರು, ಮಗಳನ್ನು ಬೆಳೆಸಿದರು, ಸಾಧ್ಯವಿದ್ದಲ್ಲೆಲ್ಲ ಜೊತೆಗೆ ನಡೆದರು. ಸೇನಾನಿಯ ಎದೆಯ ಮೇಲಿನ ಪದಕಗಳಲ್ಲಿ ಅರ್ಧ ಪಾಲು ಮನೆಯವರದ್ದು ಎಂದರೆ ಅದು ಅತಿಶಯೋಕ್ತಿಯಲ್ಲ.

ಅರಾಕಾನಿನ ಯುದ್ಧಭೂಮಿ

ಬರ್ಮಾದ ಅರಾಕಾನ್ ಪ್ರದೇಶದಲ್ಲಿ ತಿಮ್ಮಯ್ಯನವರು 25ನೇ ಭಾರತೀಯ ಡಿವಿಷನ್ನಿನಲ್ಲಿದ್ದರು. ಅಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ನಾಯಕತ್ವ ಅವರದ್ದಾಯಿತು. ಆ ಡಿವಿಷನ್ನಿನ 51ನೇ ಬ್ರಿಗೇಡಿಗೆ ಒಂದು ವೈಶಿಷ್ಟ್ಯವಿತ್ತು. ಅದರ ಮೂರೂ ಬೆಟಾಲಿಯನ್‌ಗಳನ್ನು ಭಾರತೀಯ ಅಧಿಕಾರಿಗಳೇ ಮುನ್ನಡೆಸುತ್ತಿದ್ದರು: ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್ ಮತ್ತು ಎಲ್.ಪಿ. ಸೇನ್. ಭಾರತೀಯರಿಗೆ ಯುದ್ಧದಲ್ಲಿ ಪಡೆಯನ್ನು ನಡೆಸುವ ಸಾಮರ್ಥ್ಯವಿಲ್ಲ ಎಂದು ಹೇಳುತ್ತಿದ್ದವರಿಗೆ 1945ರ ಜನವರಿ ಕೊನೆಯಲ್ಲಿ ಕಂಗಾ ಎಂಬಲ್ಲಿ ನಡೆದ ಘೋರ ಕದನವು ಉತ್ತರ ಕೊಟ್ಟಿತು. ಮೂವರಿಗೂ ಡಿ.ಎಸ್.ಓ. ಎಂಬ ಉನ್ನತ ಶೌರ್ಯ ಗೌರವ ದೊರೆಯಿತು.

ಅನಂತರ ತಿಮ್ಮಯ್ಯನವರಿಗೆ 36ನೇ ಬ್ರಿಗೇಡಿನ ನಾಯಕತ್ವ ವಹಿಸಲಾಯಿತು. ಎರಡನೇ ಮಹಾಯುದ್ಧದಲ್ಲಿ ಕಾಲಾಳು ಬ್ರಿಗೇಡೊಂದನ್ನು ಯುದ್ಧಭೂಮಿಯಲ್ಲಿ ಮುನ್ನಡೆಸಿದ ಏಕೈಕ ಭಾರತೀಯ ಎಂಬ ಕೀರ್ತಿ ಅವರಿಗೆ ಸಲ್ಲುತ್ತದೆ. 1945ರ ಸೆಪ್ಟೆಂಬರಿನಲ್ಲಿ ಸಿಂಗಾಪುರದಲ್ಲಿ ಜಪಾನ್ ಸೇನೆ ಶರಣಾದಾಗ ಅವರು ಅಲ್ಲಿದ್ದರು. ತರುವಾಯ ಸೋತ ಜಪಾನಿನಲ್ಲಿ ನೆಲೆನಿಂತ ಪಡೆಗಳಲ್ಲಿ 268ನೇ ಭಾರತೀಯ ಬ್ರಿಗೇಡನ್ನು ಮುನ್ನಡೆಸಿದರು.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಆ ಮನೆಯ ಮೂವರು ಗಂಡುಮಕ್ಕಳೂ ಸೇನಾಧಿಕಾರಿಗಳು. ಅಣ್ಣ ಪೊನ್ನಪ್ಪನವರು ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದ್ದರು. ತಮ್ಮ ಬ್ರಿಟಿಷ್ ಇಂಡಿಯಾದ ಸೇನೆಯಲ್ಲಿ, ಅಣ್ಣ ಅದರ ಎದುರು ಪಾಳಯದಲ್ಲಿ. ಇಬ್ಬರೂ ಬಯಸಿದ್ದು ಭಾರತದ ಒಳಿತನ್ನೇ, ಹಿಡಿದ ದಾರಿ ಮಾತ್ರ ಬೇರೆ. ದೇಶಪ್ರೇಮಕ್ಕೆ ಒಂದೇ ದಾರಿ, ಅದು ನಾವು ಹಿಡಿದದ್ದೇ ಎಂದು ವಾದಿಸುವ ನಮ್ಮ ಕಾಲಕ್ಕೆ ಆ ಒಂದೇ ಮನೆಯ ಅಣ್ಣತಮ್ಮಂದಿರು ಪಾಠವಾಗಬೇಕು.

ವಿಭಜನೆಯ ದಿನಗಳು ಮತ್ತು ಕಾಶ್ಮೀರ

1947ರಲ್ಲಿ ದೇಶ ಸ್ವತಂತ್ರವಾಯಿತು, ಜೊತೆಗೇ ಇಬ್ಭಾಗವಾಯಿತು. ಮೇಜರ್ ಜನರಲ್ ಪದವಿಗೇರಿದ ತಿಮ್ಮಯ್ಯನವರಿಗೆ ಪಂಜಾಬಿನಲ್ಲಿ 4ನೇ ಡಿವಿಷನ್ನಿನ ಹೊಣೆ ಬಂತು. ಗಡಿಯ ಎರಡೂ ಕಡೆಯಿಂದ ಲಕ್ಷಾಂತರ ಜನ ಮನೆಮಠ ಬಿಟ್ಟು ಬರುತ್ತಿದ್ದ ಕಾಲ. ಕೊಲೆ, ಸುಲಿಗೆ, ಸೇಡು ಎಲ್ಲೆಲ್ಲೂ. ಬರುವವರನ್ನೂ ಹೋಗುವವರನ್ನೂ ಸಮಾನವಾಗಿ ಕಾಪಾಡುವುದು ಸೈನಿಕನಿಗೆ ಯುದ್ಧಕ್ಕಿಂತ ಕಠಿಣ ಪರೀಕ್ಷೆ. ತನ್ನ ಜನ, ಪರರ ಜನ ಎಂಬ ಭೇದ ಮಾಡಿದ ಕ್ಷಣದಲ್ಲೇ ಸಮವಸ್ತ್ರದ ಮಾನ ಹೋಗುತ್ತದೆ.

1948ರ ಮೇ ತಿಂಗಳಲ್ಲಿ ಅವರು ಕಾಶ್ಮೀರ ಕಣಿವೆಯ ಪಡೆಗಳ ನಾಯಕತ್ವ ವಹಿಸಿಕೊಂಡರು. ಆಗ ಲಡಾಖಿನ ಲೇಹ್ ಪಟ್ಟಣವು ಶತ್ರುಗಳ ಕೈಸೇರುವ ಭೀತಿಯಲ್ಲಿತ್ತು. ಅಲ್ಲಿಗೆ ಸೈನ್ಯ ಕಳುಹಿಸಲು ರಸ್ತೆಯಿರಲಿಲ್ಲ. ಸಮುದ್ರಮಟ್ಟದಿಂದ ಹನ್ನೊಂದು ಸಾವಿರ ಅಡಿಗೂ ಎತ್ತರದಲ್ಲಿ, ಸ್ಥಳೀಯರೇ ಸೇರಿ ಮಾಡಿದ ಒಂದು ಕಚ್ಚಾ ಪಟ್ಟಿಯಷ್ಟೇ ವಿಮಾನ ಇಳಿಯಲು ಇದ್ದ ಜಾಗ. ಆ ಎತ್ತರದಲ್ಲಿ ಡಕೋಟಾ ವಿಮಾನ ಅದುವರೆಗೆ ಇಳಿದಿರಲಿಲ್ಲ. 1948ರ ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಅವರು ನಡೆಸಿದ ಮೊದಲ ವಿಮಾನದಲ್ಲಿ ತಿಮ್ಮಯ್ಯನವರು ತಾವೇ ಕುಳಿತು ಲೇಹ್‌ಗೆ ಹೋದರು. ಸೈನಿಕರನ್ನು ಕಳುಹಿಸಬೇಕಾದ ಜಾಗಕ್ಕೆ ನಾಯಕ ಮೊದಲು ಹೋಗಬೇಕೆಂಬುದು ಅವರ ರೀತಿ.

ಇನ್ನು ನೆಲದ ದಾರಿ. ಶ್ರೀನಗರದಿಂದ ಲೇಹ್‌ಗೆ ಹೋಗಲು ಜೋಜಿ ಲಾ ಎಂಬ ಕಣಿವೆಯನ್ನು ದಾಟಬೇಕು. ಎತ್ತರ ಸುಮಾರು 11,500 ಅಡಿ. ಬೆಟ್ಟದ ಇಕ್ಕೆಲಗಳಲ್ಲಿ ಗುಹೆ, ಬಂಕರುಗಳಲ್ಲಿ ಶತ್ರು ಅಡಗಿ ಕುಳಿತಿದ್ದ. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ಪ್ರಯತ್ನಗಳು ವಿಫಲವಾದವು. ಚಳಿಗಾಲ ಬಂದು ಹಿಮ ಮುಚ್ಚಿತೆಂದರೆ ಲಡಾಖ್ ಕೈತಪ್ಪಿದಂತೆಯೇ. ಆಗ ಟ್ಯಾಂಕುಗಳನ್ನು ಮೇಲೇರಿಸುವ ಸಾಹಸಕ್ಕೆ ತಿಮ್ಮಯ್ಯ ಕೈಹಾಕಿದರು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು, ದಾರಿಯ ಬಡಕಲು ಸೇತುವೆಗಳು ತಡೆದುಕೊಳ್ಳಲೆಂದು ಮೇಲ್ಭಾಗ ಬಿಚ್ಚಿ, ಯಾರಿಗೂ ಗೊತ್ತಾಗದಂತೆ ಮುಚ್ಚಿಕೊಂಡು ಸಾಗಿಸಲಾಯಿತು. ಹೇಸರಗತ್ತೆಗಳಷ್ಟೇ ನಡೆಯಬಲ್ಲ ಕಿರುದಾರಿಯನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್ ಯೋಧರು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ, ದಕ್ಷಿಣದ ನಮ್ಮ ನಾಡುಗಳ ಹುಡುಗರೇ ತುಂಬಿರುವ ಪಡೆ ಅದು. 1948ರ ನವೆಂಬರ್ 1ರಂದು, ಹಿಮ ಬೀಳುತ್ತಿರುವಾಗ, ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಮುಂದಿನ ಸಾಲಿನ ಟ್ಯಾಂಕಿನಲ್ಲಿ ಡಿವಿಷನ್ನಿನ ನಾಯಕರಾದ ತಿಮ್ಮಯ್ಯನವರೂ ಇದ್ದರು. ಶತ್ರು ದಿಕ್ಕೆಟ್ಟು ಹಿಂದೆ ಸರಿದ. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಮರಳಿ ಕೈಸೇರಿದವು, ಲೇಹ್‌ಗೆ ದಾರಿ ತೆರೆಯಿತು.

ಅದೇ ಕಾಶ್ಮೀರದ ಕಾರ್ಯಾಚರಣೆಯಲ್ಲಿ ಅವರ ಕಿರಿಯ ತಮ್ಮ ಸೋಮಯ್ಯನವರು ನೆಲಬಾಂಬಿಗೆ ಬಲಿಯಾದರು. ವಿಜಯದ ಸುದ್ದಿಯನ್ನು ದೇಶ ಕೇಳಿತು. ಮಡಿಕೇರಿಯ ಆ ಮನೆಯಲ್ಲಿ ಮಾತ್ರ ಗೆಲುವಿನ ಜೊತೆಗೆ ದುಃಖವೂ ಬಂತು. ಯುದ್ಧದ ಬಗ್ಗೆ ಹಗುರವಾಗಿ ಮಾತನಾಡುವವರು ಇದನ್ನು ನೆನಪಿಡಬೇಕು.

ಕೊರಿಯಾದ ಕೈದಿಗಳು

ನಮ್ಮ ದೃಷ್ಟಿಯಲ್ಲಿ ತಿಮ್ಮಯ್ಯನವರ ಬಾಳಿನ ಅತ್ಯಂತ ಎತ್ತರದ ಅಧ್ಯಾಯ ಯುದ್ಧದ್ದಲ್ಲ, ಶಾಂತಿಯದು. ಮೂರು ವರ್ಷ ನಡೆದ ಕೊರಿಯಾ ಯುದ್ಧ 1953ರ ಜುಲೈ 27ರಂದು ಕದನವಿರಾಮದೊಂದಿಗೆ ನಿಂತಿತು. ಆದರೆ ಒಂದು ಗಂಟು ಉಳಿದಿತ್ತು. ಸೆರೆಸಿಕ್ಕ ಸೈನಿಕರಲ್ಲಿ ಸಾವಿರಾರು ಮಂದಿ ತಮ್ಮ ದೇಶಕ್ಕೆ ಮರಳಲು ಒಪ್ಪಲಿಲ್ಲ. ಇವರು ನಿಜವಾಗಿಯೂ ಒಪ್ಪುತ್ತಿಲ್ಲವೋ, ಬೆದರಿಕೆಯಿಂದ ಹಾಗೆ ಹೇಳುತ್ತಿದ್ದಾರೋ ಎಂಬುದನ್ನು ತಿಳಿಯಲು ಐದು ರಾಷ್ಟ್ರಗಳ ಆಯೋಗ ರಚನೆಯಾಯಿತು: ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ. ಅಧ್ಯಕ್ಷತೆ ಭಾರತದ್ದು, ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯಲು ಭಾರತದಿಂದ ಐದು ಸಾವಿರಕ್ಕೂ ಹೆಚ್ಚು ಸೈನಿಕರು ಹೋದರು. ಅವರ ನಾಯಕರು ಅರಾಕಾನಿನಲ್ಲಿ ಜೊತೆಗಿದ್ದ ಅದೇ ಥೋರಟ್.

ಪರಿಸ್ಥಿತಿ ಎಷ್ಟು ಬಿಗಿಯಾಗಿತ್ತೆಂದರೆ, ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣ ಕೊರಿಯಾ ಸರ್ಕಾರ ಹಟ ಹಿಡಿಯಿತು. ಹಾಗಾಗಿ ಹಡಗಿನಿಂದಿಳಿದ ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ನೇರವಾಗಿ ಎರಡೂ ಪಾಳಯಗಳ ನಡುವಿನ ನಿಸ್ಸೇನಾ ವಲಯಕ್ಕೆ ಕೊಂಡೊಯ್ಯಬೇಕಾಯಿತು. ಒಂದು ಕಡೆಯ ಶಿಬಿರದಲ್ಲಿ 22,000ಕ್ಕೂ ಹೆಚ್ಚು ಕೈದಿಗಳು, ಇನ್ನೊಂದು ಕಡೆಯದರಲ್ಲಿ ಸುಮಾರು 350 ಮಂದಿ. ಒಳಗೆ ಗುಂಪುಗಳು, ಗಲಭೆಗಳು. ಹೊರಗೆ ಎರಡು ದೊಡ್ಡ ಪಾಳಯಗಳ ಒತ್ತಡ. ಒಬ್ಬರು ಭಾರತವನ್ನು ಇತ್ತ ವಾಲಿದೆ ಎಂದರು, ಇನ್ನೊಬ್ಬರು ಅತ್ತ ವಾಲಿದೆ ಎಂದರು. ತಿಮ್ಮಯ್ಯನವರು ಹಿಡಿದದ್ದು ಒಂದೇ ಸೂತ್ರ. ಕೈದಿಯೂ ಮನುಷ್ಯ, ಅವನ ಇಚ್ಛೆಯನ್ನು ಬಲವಂತದಿಂದ ಬದಲಿಸುವ ಹಕ್ಕು ಯಾರಿಗೂ ಇಲ್ಲ. ನಿಗದಿಯಾದ ಅವಧಿ ಮುಗಿದಾಗ, 1954ರ ಜನವರಿಯಲ್ಲಿ, ಉಳಿದ ಕೈದಿಗಳನ್ನು ಅವರನ್ನು ಸೆರೆಹಿಡಿದಿದ್ದ ಪಕ್ಷಗಳಿಗೇ ಒಪ್ಪಿಸಲಾಯಿತು. ಎರಡೂ ಕಡೆಗೆ ಹೋಗಲು ಒಪ್ಪದ ಎಂಬತ್ತಕ್ಕೂ ಹೆಚ್ಚು ಮಂದಿ ಭಾರತೀಯ ಸೈನಿಕರ ಜೊತೆಗೆ ಭಾರತಕ್ಕೇ ಬಂದರು. ಕಾವಲಿಗೆ ನಿಂತವನ ಊರಿಗೇ ಕೈದಿ ಹೊರಟು ಬರುತ್ತಾನೆಂದರೆ, ಆ ಕಾವಲು ಎಂಥದಿದ್ದೀತು ಎಂದು ನಾವೇ ಯೋಚಿಸಬೇಕು. 1954ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ದೊರೆಯಿತು. ಕೊರಿಯಾದ ಅನುಭವವನ್ನು ಕುರಿತು ಅವರು ಬರೆದ ಪುಸ್ತಕ ಅವರ ನಿಧನದ ಎಷ್ಟೋ ವರ್ಷಗಳ ಬಳಿಕ, 1981ರಲ್ಲಿ ಪ್ರಕಟವಾಯಿತು.

ಸೇನಾ ಮುಖ್ಯಸ್ಥರಾಗಿ

1957ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾದರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೆ.ಎಂ. ಕಾರ್ಯಪ್ಪನವರೂ ಕೊಡಗಿನವರೇ. ರಾಜ್ಯದ ಅತಿ ಚಿಕ್ಕ ಜಿಲ್ಲೆಗಳಲ್ಲಿ ಒಂದಾದ ಕೊಡಗು ಎಂಟೇ ವರ್ಷಗಳ ಅಂತರದಲ್ಲಿ ದೇಶಕ್ಕೆ ಇಬ್ಬರು ದಂಡನಾಯಕರನ್ನು ಕೊಟ್ಟಿತು.

ಆ ಹುದ್ದೆಯಲ್ಲಿ ಅವರು ಎದುರಿಸಿದ ಕಷ್ಟವನ್ನು ಮುಚ್ಚಿಡುವುದು ಸರಿಯಲ್ಲ. ಅಂದಿನ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರಿಗೂ ತಿಮ್ಮಯ್ಯನವರಿಗೂ ಹೊಂದಾಣಿಕೆಯಾಗಲಿಲ್ಲ. ಹಿರಿಯ ಅಧಿಕಾರಿಗಳ ಬಡ್ತಿಯ ವಿಷಯದಲ್ಲಿ, ಸೇನೆಯ ಆಡಳಿತದ ವಿಷಯದಲ್ಲಿ ಭಿನ್ನಾಭಿಪ್ರಾಯ ಬೆಳೆಯಿತು. ಉತ್ತರದ ಗಡಿಯಲ್ಲಿ ಚೀನಾದ ಚಲನವಲನ ಹೆಚ್ಚುತ್ತಿದ್ದ ಕಾಲ ಅದು. 1959ರ ಆಗಸ್ಟ್ 31ರಂದು ತಿಮ್ಮಯ್ಯನವರು ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಕರೆಸಿ ಮನವೊಲಿಸಿದರು. ತಿಮ್ಮಯ್ಯ ರಾಜೀನಾಮೆಯನ್ನು ಹಿಂತೆಗೆದುಕೊಂಡರು. ಸುದ್ದಿ ಹೊರಬಿದ್ದಾಗ ಸಂಸತ್ತಿನಲ್ಲಿ ಚರ್ಚೆಯಾಯಿತು. ಪ್ರಧಾನಿಯವರ ಮಾತುಗಳು ಸೇನಾನಿಗೆ ನೋವಾಗುವಂತೆಯೇ ಇದ್ದವು.

ಅವರು ಹಿಂತೆಗೆದುಕೊಳ್ಳಬಾರದಿತ್ತು ಎನ್ನುವವರು ಇಂದಿಗೂ ಇದ್ದಾರೆ. ಕೊಡಲೇಬಾರದಿತ್ತು ಎನ್ನುವವರೂ ಇದ್ದಾರೆ. ನಮಗೆ ಮುಖ್ಯವಾಗಿ ಕಾಣುವುದು ಬೇರೆ. ನೆರೆಹೊರೆಯ ಎಷ್ಟೋ ದೇಶಗಳಲ್ಲಿ ಆ ವರ್ಷಗಳಲ್ಲಿ ದಂಡನಾಯಕರು ಸರ್ಕಾರವನ್ನೇ ಉರುಳಿಸಿ ಅಧಿಕಾರ ಹಿಡಿದರು. ಪಾಕಿಸ್ತಾನದಲ್ಲಿ 1958ರಲ್ಲಿ ಆದದ್ದು ಅದೇ. ಸೈನಿಕರ ಅಪಾರ ಪ್ರೀತಿ ಗಳಿಸಿದ್ದ ತಿಮ್ಮಯ್ಯನವರು ತಮ್ಮ ಅಸಮಾಧಾನವನ್ನು ಒಂದು ಕಾಗದದಲ್ಲಿ ಬರೆದು ಚುನಾಯಿತ ಪ್ರಧಾನಿಯ ಮುಂದಿಟ್ಟರು. ಅಷ್ಟೇ. ಮನಸ್ಸಾಕ್ಷಿ ಹೇಳಿದ್ದನ್ನು ನುಡಿಯುವುದು, ನುಡಿದ ಮೇಲೂ ಮೇರೆ ಮೀರದಿರುವುದು, ಎರಡನ್ನೂ ಒಬ್ಬರೇ ಮಾಡಿ ತೋರಿಸಿದರು.

1961ರ ಮೇ 7ರಂದು ಅವರು ನಿವೃತ್ತರಾದರು. ಮುಂದಿನ ವರ್ಷ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. ಸಾಕಷ್ಟು ಬಟ್ಟೆಬರೆ, ಮದ್ದುಗುಂಡು ಇಲ್ಲದೆ ನಮ್ಮ ಸೈನಿಕರು ಹಿಮದಲ್ಲಿ ಹೋರಾಡಿ ಮಡಿದರು. ಕೃಷ್ಣ ಮೆನನ್ ಅವರು ಪದವಿ ಬಿಡಬೇಕಾಯಿತು. ಎಚ್ಚರಿಕೆಯ ಮಾತನ್ನು ಕೇಳುವವರಿಲ್ಲದಾಗ ಬೆಲೆ ತೆರುವವನು ಕೊನೆಯ ಸಾಲಿನ ಸಿಪಾಯಿ.

ಸೈಪ್ರಸ್ ದ್ವೀಪದಲ್ಲಿ ಕೊನೆಯ ಸೇವೆ

ನಿವೃತ್ತಿಯ ಬಳಿಕ ಕೊಡಗಿನ ತೋಟದ ಬದುಕಿಗೆ ಮರಳಿದ್ದ ಅವರನ್ನು 1964ರಲ್ಲಿ ವಿಶ್ವಸಂಸ್ಥೆ ಮತ್ತೆ ಕರೆಯಿತು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಗ್ರೀಕ್ ಮತ್ತು ತುರ್ಕಿ ಮೂಲದ ಜನರ ನಡುವೆ ಹೊಡೆದಾಟ ನಡೆದಿತ್ತು. ಒಂದು ಕಡೆ ಕ್ರೈಸ್ತರು, ಇನ್ನೊಂದು ಕಡೆ ಮುಸ್ಲಿಮರು. ನಡುವೆ ನಿಂತ ಶಾಂತಿಪಡೆಗೆ ನಾಯಕರಾಗಿ ಅಲ್ಲಿಗೆ ಹೋದವರು ಕೊಡಗಿನ ತಿಮ್ಮಯ್ಯ. ಹೋದ ಕೆಲವೇ ವಾರಗಳಲ್ಲಿ, 1964ರ ಆಗಸ್ಟಿನಲ್ಲಿ, ತುರ್ಕಿಯ ವಿಮಾನಗಳು ದ್ವೀಪದ ಮೇಲೆ ಬಾಂಬು ಹಾಕಿದವು. ಯುದ್ಧ ಹತ್ತಿಕೊಳ್ಳುವ ಹಂತದಲ್ಲಿ ಕದನವಿರಾಮವಾಯಿತು. ಅಲ್ಲಿಂದ ಒಂದೂವರೆ ವರ್ಷ ಎರಡೂ ಪಂಗಡಗಳ ನಡುವೆ ಓಡಾಡಿ, ಇಬ್ಬರ ಮಾತನ್ನೂ ಕೇಳಿ, ಇಬ್ಬರ ವಿಶ್ವಾಸವನ್ನೂ ಗಳಿಸಿದರು.

1965ರ ಡಿಸೆಂಬರ್ 18ರಂದು, ಕ್ರಿಸ್ಮಸ್‌ಗೆ ಒಂದು ವಾರವಿರುವಾಗ, ಹೃದಯಾಘಾತದಿಂದ ಅವರು ಸೈಪ್ರಸ್‌ನಲ್ಲಿಯೇ ಕೊನೆಯುಸಿರೆಳೆದರು. ವಯಸ್ಸು ಐವತ್ತೊಂಬತ್ತು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಅಂತ್ಯಕ್ರಿಯೆ ನಡೆಸಲಾಯಿತು. ಸೈಪ್ರಸ್ ಸರ್ಕಾರ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಅವರ ಹೆಸರಿಡಲಾಗಿದೆ. ಮಡಿಕೇರಿಯಲ್ಲಿ ಅವರು ಬೆಳೆದ ಸನ್ನಿಸೈಡ್ ಮನೆಯನ್ನು ಸ್ಮಾರಕ ವಸ್ತುಸಂಗ್ರಹಾಲಯವಾಗಿ ರೂಪಿಸಿ 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಉದ್ಘಾಟಿಸಿದರು. ಮಡಿಕೇರಿಗೆ ಪ್ರವಾಸ ಹೋಗುವ ನಮ್ಮ ಯುವಸಂಚಲನದವರು, ಧರ್ಮೋಪದೇಶ ತರಗತಿಯ ಮಕ್ಕಳು ರಾಜಾಸೀಟು ನೋಡಿ ಹಿಂದಿರುಗದೆ ಈ ಮನೆಗೂ ಹೋಗಿ ಬರಬೇಕು.

ಗೇಟಿನ ಬಳಿ ನಿಂತವರು

ತಿಮ್ಮಯ್ಯನವರು ಸೇನೆಯ ಶಿಖರಕ್ಕೇರಿದವರು. ಆದರೆ ಸೇನೆಯೆಂದರೆ ಶಿಖರ ಮಾತ್ರವಲ್ಲ. ಜೋಜಿ ಲಾ ದಾರಿಯನ್ನು ಅಗೆದವರು, ಕೊರಿಯಾದ ಚಳಿಯಲ್ಲಿ ಕಾವಲು ನಿಂತವರು ಹೆಸರಿಲ್ಲದ ಸಾವಿರಾರು ಸಾಮಾನ್ಯ ಸೈನಿಕರು. ಸಾಮಾನ್ಯ ಸಿಪಾಯಿ ಮೂವತ್ತೈದು ನಲವತ್ತರ ಆಸುಪಾಸಿನಲ್ಲಿಯೇ ಸೇನೆಯಿಂದ ಹೊರಬರುತ್ತಾನೆ. ಸೇನೆಗೆ ಎಳೆಯ ರಟ್ಟೆ ಬೇಕು, ಹಾಗಾಗಿ ಈ ನಿಯಮ. ಆ ಹೊತ್ತಿಗೆ ಮಕ್ಕಳು ಶಾಲೆಯಲ್ಲಿರುತ್ತಾರೆ, ತಂದೆತಾಯಿಗೆ ವಯಸ್ಸಾಗಿರುತ್ತದೆ, ಮನೆಯ ಸಾಲ ಇನ್ನೂ ಇರುತ್ತದೆ. ಪಿಂಚಣಿಯೊಂದೇ ಸಾಲದು. ಎರಡನೇ ಕೆಲಸ ಬೇಕೇ ಬೇಕು.

ಹೀಗಾಗಿ ಹಾರೋಹಳ್ಳಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ, ಕಾರ್ಖಾನೆ, ಗೋದಾಮುಗಳ ಗೇಟುಗಳಲ್ಲಿ ಮಾಜಿ ಸೈನಿಕರನ್ನು ಕಾಣುತ್ತೇವೆ. ಬರುವ ಲಾರಿಯ ನಂಬರು ಬರೆದುಕೊಳ್ಳುತ್ತಾ, ಪಾಳಿ ಬದಲಾಗುವಾಗ ಗುರುತಿನ ಚೀಟಿ ನೋಡುತ್ತಾ, ರಾತ್ರಿಯೆಲ್ಲ ಎಚ್ಚರವಿರುವ ಇವರಲ್ಲಿ ಕಾರ್ಗಿಲ್ ನೋಡಿದವರಿರಬಹುದು, ಸಿಯಾಚಿನ್ ನೋಡಿದವರಿರಬಹುದು, ವಿಶ್ವಸಂಸ್ಥೆಯ ನೀಲಿ ಟೋಪಿ ತೊಟ್ಟು ಆಫ್ರಿಕಾದಲ್ಲಿ ಶಾಂತಿ ಕಾಯ್ದವರೂ ಇರಬಹುದು. ನಾವು ಅವರನ್ನು ವಾಚ್‌ಮನ್ ಎಂದು ಕರೆದು ಸುಮ್ಮನಾಗುತ್ತೇವೆ.

ಸರ್ಕಾರ ಕೈಕಟ್ಟಿ ಕುಳಿತಿಲ್ಲ. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳಿವೆ. 2003ರಿಂದ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ ಪ್ರತ್ಯೇಕ ಆರೋಗ್ಯ ಯೋಜನೆಯಿದೆ. ಸಮಾನ ಹುದ್ದೆಗೆ ಸಮಾನ ಪಿಂಚಣಿ ಎಂಬ ಬಹುಕಾಲದ ಬೇಡಿಕೆಗೆ 2015ರಲ್ಲಿ ಆದೇಶ ಹೊರಬಿತ್ತು. 1949ರಿಂದ ಡಿಸೆಂಬರ್ 7ನ್ನು ಸಶಸ್ತ್ರ ಪಡೆಗಳ ಧ್ವಜ ದಿನವಾಗಿ ಆಚರಿಸಲಾಗುತ್ತಿದೆ. ಅಂದು ಸಂಗ್ರಹವಾಗುವ ಹಣ ಯುದ್ಧ ವಿಧವೆಯರಿಗೆ, ಅಂಗವಿಕಲ ಯೋಧರಿಗೆ, ಮಾಜಿ ಸೈನಿಕರ ಕುಟುಂಬಗಳಿಗೆ ನೆರವಾಗುತ್ತದೆ. ಜನವರಿ 14 ಮಾಜಿ ಸೈನಿಕರ ದಿನ. 1953ರಲ್ಲಿ ಕಾರ್ಯಪ್ಪನವರು ನಿವೃತ್ತರಾದ ದಿನವದು. ಆದರೆ ಈ ಸೌಲಭ್ಯಗಳ ವಿವರ ತಿಳಿಯದ ಸೈನಿಕರ ವಿಧವೆಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅರ್ಜಿ ಬರೆಯಲು, ದಾಖಲೆ ಹುಡುಕಲು, ಕಚೇರಿಗೆ ಜೊತೆಯಲ್ಲಿ ಹೋಗಲು ಒಬ್ಬರು ಬೇಕು. ಈ ಕೆಲಸಕ್ಕೆ ಸರ್ಕಾರವೇ ಬರಬೇಕೆಂದಿಲ್ಲ.

ನಾವು ಮಾಡಬಹುದಾದದ್ದು

ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳಿಗೆ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರಿಗೆ, ಸ್ತ್ರೀ ಸಂಘಟನೆಯವರಿಗೆ ನಮ್ಮ ವಿನಂತಿಯಿಷ್ಟೇ. ನಿಮ್ಮ ವಾಳೆಗಳಲ್ಲಿ ಎಷ್ಟು ಮಂದಿ ಮಾಜಿ ಸೈನಿಕರು ಮತ್ತು ಸೈನಿಕರ ವಿಧವೆಯರಿದ್ದಾರೆ ಎಂದು ಒಮ್ಮೆ ಪಟ್ಟಿ ಮಾಡಿರಿ. ಯಾವ ಧರ್ಮದವರು ಎಂದು ಕೇಳುವ ಅಗತ್ಯವಿಲ್ಲ. ಪಿಂಚಣಿ, ಆರೋಗ್ಯ ಕಾರ್ಡು, ಮಕ್ಕಳ ವಿದ್ಯಾರ್ಥಿವೇತನದ ವಿಷಯದಲ್ಲಿ ತೊಡಕಿದ್ದರೆ ಸೈನಿಕ ಕಲ್ಯಾಣ ಕಚೇರಿಗೆ ಕರೆದುಕೊಂಡು ಹೋಗಿರಿ. ಡಿಸೆಂಬರ್ 7ರ ಹತ್ತಿರದ ಭಾನುವಾರ ಅವರನ್ನು ಇಗರ್ಜಿಗೆ ಆಮಂತ್ರಿಸಿ, ಅವರ ಅನುಭವವನ್ನು ಮಕ್ಕಳು ಕೇಳುವಂತೆ ಮಾಡಿರಿ. ದೂರದ ಕಾರ್ಖಾನೆಗಳಲ್ಲಿರುವ ನಮ್ಮ ಯುವಕರು ಗೇಟಿನ ಹಿರಿಯರಿಗೆ ನಮಸ್ಕಾರ ಹೇಳಿ, ಯಾವ ಪಡೆಯಲ್ಲಿದ್ದಿರಿ ಎಂದು ಕೇಳಲಿ.

ದೇಶಪ್ರೇಮ ಎಂದರೆ ಗಂಟಲು ಕಿತ್ತುಹೋಗುವಂತೆ ಕೂಗುವುದಲ್ಲ ಎಂಬುದನ್ನು ತಿಮ್ಮಯ್ಯನವರ ಬಾಳು ತೋರಿಸಿಕೊಟ್ಟಿದೆ. ಭೂಕಂಪದಲ್ಲಿ ಕಲ್ಲುಮಣ್ಣು ಸರಿಸಿದ್ದು ದೇಶಸೇವೆ. ನಿರಾಶ್ರಿತರನ್ನು ಭೇದವಿಲ್ಲದೆ ಕಾಪಾಡಿದ್ದು ದೇಶಸೇವೆ. ಸೆರೆಯಾಳಿನ ಮಾತನ್ನು ಕೇಳಿದ್ದು, ಅಧಿಕಾರದ ಎದುರು ಸತ್ಯವನ್ನು ವಿನಯದಿಂದ ಹೇಳಿದ್ದು, ತನ್ನದಲ್ಲದ ದ್ವೀಪದಲ್ಲಿ ಎರಡು ಪಂಗಡಗಳ ನಡುವೆ ನಿಂತು ಪ್ರಾಣ ತೆತ್ತದ್ದು ದೇಶಸೇವೆಯೇ. ಶಾಂತಿಯನ್ನು ಸ್ಥಾಪಿಸುವವರು ಧನ್ಯರು ಎಂದು ನಂಬಿರುವ ನಾವು, ನಮ್ಮ ಧರ್ಮದವರಲ್ಲದ ಈ ಹಿರಿಯರನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಅವರಿಗೂ, ಗಡಿಯಲ್ಲಿ ಮಡಿದ ಅವರ ತಮ್ಮನಂಥ ಸಾವಿರಾರು ಯೋಧರಿಗೂ, ಮನೆಯಲ್ಲಿ ಕಾದು ಕುಳಿತ ತಾಯಂದಿರು, ಮಡದಿಯರಿಗೂ ನಮ್ಮ ಗೌರವ ನಮನಗಳು.